ಒಬ್ಬರಾದರೂ ಬೈದರಾ?

ಕೊನೆಯ ಕೆಲವು ವಾರಗಳನ್ನು ಬಿಟ್ಟರೆ, ನಮ್ಮ ಮೇಡಂ ತಮ್ಮ ಇಡೀ ಸರ್ವಿಸ್ಸಿನಲ್ಲಿ ಒಂದೇ ಒಂದು ಇಂಗ್ಲಿಷ್ ಪದಕ್ಕೂ ಅರ್ಥ ಹೇಳಿದವರಲ್ಲ. ಹೀಗೆಂದರೆ ಅವರನ್ನು ನೋಡದವರು ನಗುತ್ತಾರೆ. ಇಂಗ್ಲಿಷ್ ಪಾಠ ಮಾಡುವವರು ಅರ್ಥ ಹೇಳದೆ ಇನ್ನೇನು ಮಾಡುತ್ತಾರೆ? ತಿ. ನರಸೀಪುರದ ಪಿಯು ಕಾಲೇಜಿನಲ್ಲಿ ಅವರ ಕೈಕೆಳಗೆ ಓದಿ, ಆಮೇಲೆ ಅದೇ ಕಾಲೇಜಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಪಾಠ ಮಾಡಿದವಳು ನಾನು. ಅವರು ಹೋದ ಮೇಲೆ ಕಾಲೇಜಿನಲ್ಲಿ ಒಂದು ಸಭೆ ಮಾಡಿ, ನಾಲ್ಕು ಒಳ್ಳೆಯ ಮಾತಾಡಿ ಎಂದು ನನಗೆ ಹೇಳಿದರು. ಆಡಿದೆ. ಬರೀ ಒಳ್ಳೆಯ ಮಾತುಗಳೇ ತುಂಬಿದ್ದ ಆ ಭಾಷಣವನ್ನು ಮೇಡಂ ಕೇಳಿದ್ದರೆ ಒಂದಕ್ಷರವನ್ನೂ ನಂಬುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬೇರೆ ಥರ ಬರೆಯುತ್ತಿದ್ದೇನೆ.

ಮೊದಲು ಕೊರತೆಗಳನ್ನೇ ಹೇಳಿಬಿಡುತ್ತೇನೆ. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಸ್ಟಾಫ್ ರೂಮಿನಲ್ಲಿ ಯಾರಾದರೂ ಸಿಹಿ ಹಂಚಿದರೆ 'ಸಕ್ಕರೆ ಜಾಸ್ತಿಯಾಗಿದೆ' ಎಂದು ಹೇಳಿಯೇ ತಿನ್ನುವವರು. ಮದುವೆ ಮನೆಗಳಿಗೆ ಹೋಗುತ್ತಿರಲಿಲ್ಲ, ಕರೆಯೋಲೆ ಕೊಡಲು ಬಂದವರಿಗೆ ಕೂತ್ಕೊಳ್ಳಿ ಅನ್ನುತ್ತಲೂ ಇರಲಿಲ್ಲ. ನಂಜನಗೂಡಿನಲ್ಲಿ ತಮ್ಮನ ಮನೆಯಲ್ಲಿದ್ದರು. ಅಲ್ಲಿ ತಮ್ಮನ ಹೆಂಡತಿಗೂ ಇವರಿಗೂ ನೀರಿನ ಮೋಟಾರಿನ ವಿಷಯಕ್ಕೆ ದಿನ ಬೆಳಗಾದರೆ ಜಗಳ. ಇವರು ಆನ್ ಮಾಡಿದರೆ ಆಕೆ ಆಫ್ ಮಾಡುವರು, ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವರು. ಆ ಜಗಳ ಮುಗಿಸಿಯೇ ಮೇಡಂ ಬಸ್ಸು ಹತ್ತುತ್ತಿದ್ದುದು. ಬಿಳಿಗೆರೆ ದಾಟುವವರೆಗೂ ಅವರನ್ನು ಮಾತಾಡಿಸಬಾರದು ಎಂದು ಅದೇ ಬಸ್ಸಿಗೆ ಬರುವ ನಮ್ಮ ಅಟೆಂಡರ್ ಹೇಳುತ್ತಿದ್ದ.

ಪಾಠದ ರೀತಿ ಹೀಗೆ. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು, ಕಷ್ಟದ ಪದದ ಸುತ್ತ ಚೌಕ ಎಳೆಯುತ್ತಿದ್ದರು. ಈ ಮನೆಗೆ ಬೀಗ ಹಾಕಿದೆ ಅನ್ನುತ್ತಿದ್ದರು. ಆಮೇಲೆ ಸೀಮೆಸುಣ್ಣದಿಂದ ಅದರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಟ್ಟಿ, "ಪಕ್ಕದ ಮನೆಯವರನ್ನ ಕೇಳ್ರೋ" ಅನ್ನುತ್ತಿದ್ದರು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಬಗ್ಗೆ ವಿಚಾರಿಸಲು ಹೋದವರು ಆ ಮನೆಯ ಬಾಗಿಲನ್ನೇ ತಟ್ಟುವುದಿಲ್ಲ. ಎದುರುಮನೆ, ಪಕ್ಕದಮನೆ, ಮೂಲೆಯ ಅಂಗಡಿ, ಹಾಲು ಹಾಕುವವನು, ಇವರನ್ನು ಕೇಳುತ್ತಾರೆ. ಪದಕ್ಕೂ ಅದೇ ಪದ್ಧತಿ ಎಂದು ಅವರ ವಾದ.

ನಾನು ಕೂತಿದ್ದ ಕ್ಲಾಸಿನಲ್ಲಿ ಒಂದು ದಿನ 'ಫ್ರೂಗಲ್' ಎಂಬ ಪದ ಬಂತು. ಬೆಂಕಿಕಡ್ಡಿ ಉಳಿಸುವುದಕ್ಕೆಂದು ಪಕ್ಕದ ಮನೆಯ ಒಲೆಯಿಂದ ಕೆಂಡ ತರುವ ಒಬ್ಬ ಫ್ರೂಗಲ್ ಮುದುಕಿ, ಹೀಗೊಂದು ವಾಕ್ಯ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಏಳ್ಬುಡಿ ಮಿಸ್, ಬರ್ಕೊಬುಡ್ತೀವಿ. ಸುಮ್ನೆ ಯಾಕ್ ಸುತ್ತಾಕಿಸ್ತೀರಿ?" ಅಂದ.

"ಹೇಳಿದ್ರೆ ಬರ್ಕೊಳ್ತೀಯ. ಬರ್ಕೊಂಡ್ರೆ ಮರೀತೀಯ. ನೀನೇ ಕೇಳ್ಕೊಂಡು ಹೋದ ಮನೆ ದಾರಿ ಮರೆತುಹೋಗುತ್ತೇನೋ?"

"ಜುಗ್ಗಿ ಮಿಸ್!" ಎಂದು ನಾವೆಲ್ಲ ಕೂಗಿದೆವು.

"ಒಬ್ಬರ ಮನೇಲಿ ಕೇಳಿದ್ದೀರಿ. ಇನ್ನೊಬ್ಬರ ಮನೇಲೂ ಕೇಳಿ" ಎಂದು ಎರಡನೆಯ ವಾಕ್ಯ ಬರೆದರು. ಆ ಫ್ರೂಗಲ್ ಮುದುಕಿಯ ಬಾಗಿಲಿಗೆ ಹಸಿದು ಬಂದವರು ಯಾರೂ ಹಾಗೇ ಹೋದದ್ದಿಲ್ಲ. ಜುಗ್ಗಿ ಅನ್ನುವ ಅರ್ಥ ಇಲ್ಲಿ ಹೊಂದಲಿಲ್ಲ. ಒಬ್ಬ ಹುಡುಗಿ ಮೆಲ್ಲಗೆ, "ನಮ್ಮಜ್ಜಿ ಅಂಗೇ ಮಿಸ್. ಒಂದ್ ಕಾಳೂ ಚೆಲ್ಲಕಿಲ್ಲ. ಬಂದೋರ್ಗೆ ಮಾತ್ರ ಇಕ್ಕೇ ಕಳ್ಸೋದು" ಅಂದಳು. ಮೇಡಂ ಚೌಕದ ಒಂದು ಗೆರೆಯನ್ನು ಕೈಯಿಂದ ಅಳಿಸಿ, "ಇರಬಹುದು" ಅಂದರು. ಅದೇ ಅವರ ದೊಡ್ಡ ಶಹಬ್ಬಾಸ್. ಅರ್ಥ ಮಾತ್ರ ಕೊನೆಗೂ ಅವರ ಬಾಯಿಂದ ಬರಲಿಲ್ಲ. ಆ ಪದವನ್ನು ನಾನು ಇವತ್ತಿಗೂ ಮರೆತಿಲ್ಲ.

ಪರೀಕ್ಷೆಗೆ ಮುಂಚೆ ಪದಗಳನ್ನೂ ಅರ್ಥಗಳನ್ನೂ ಒಂದು ಹಾಳೆಯಲ್ಲಿ ಕೊಟ್ಟುಬಿಡಿ, ತಂದೆತಾಯಂದಿರು ಕೇಳುತ್ತಿದ್ದಾರೆ ಎಂದು ಪ್ರಿನ್ಸಿಪಾಲರು ಒಮ್ಮೆ ಹೇಳಿದರು. "ಅಷ್ಟಕ್ಕೇ ಆದ್ರೆ ಜೆರಾಕ್ಸ್ ಅಂಗಡಿಯವನು ಸಾಕು ಸರ್, ನಾನ್ಯಾಕೆ?" ಅಂದರು ಮೇಡಂ. ಆ ಪ್ರಿನ್ಸಿಪಾಲರು ನಿವೃತ್ತರಾಗುವವರೆಗೂ ಇವರ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಅವರ ಇನ್ನೊಂದು ನಿಯಮ ನನಗೆ ಗೊತ್ತಾದದ್ದು, ನಾನು ಕೆಲಸಕ್ಕೆ ಸೇರಿದ ಮೇಲೆ ನನ್ನ ಮದುವೆಯ ಮಾತು ಬಂದಾಗ. ನಮ್ಮದು ಮುಡುಕುತೊರೆ. ಗಂಡಿನ ಊರಿಗೆ ಹೋಗಿ ವಿಚಾರಿಸಿಕೊಂಡು ಬಂದ ನಮ್ಮವ್ವ ಹಿಗ್ಗಿ ಹೀರೇಕಾಯಿಯಾಗಿದ್ದಳು. ಮೇಡಂಗೆ ಹೇಳಿದೆ. ಅವರು ಪೇಪರ್ ತಿದ್ದುತ್ತಿದ್ದವರು ತಲೆ ಎತ್ತದೆ, "ಒಬ್ಬರಾದ್ರೂ ಬೈದ್ರಾ?" ಅಂದರು.

"ಇಲ್ಲ ಮೇಡಂ, ಎಲ್ಲರೂ ಒಳ್ಳೇ ಹುಡುಗ ಅಂದರಂತೆ."

"ಹಾಗಾದ್ರೆ ಬೇಡ. ಇನ್ನೊಂದ್ಸಲ ಕಳಿಸು."

ಅವ್ವ ಗೊಣಗಿಕೊಂಡೇ ಮತ್ತೆ ಹೋಗಿಬಂದಳು. ಈ ಸಲ ಬೀದಿಯ ಕೊನೆಯ ಮನೆಯ ಮುದುಕಿಯೊಬ್ಬಳು, "ಉಡ್ಗ ಒಳ್ಳೇವ್ನೇಯ. ಆದ್ರೆ ಜುಗ್ಗ ಕಣಮ್ಮಿ, ಕೈಯಿಂದ ಬಿಡಿಗಾಸು ಉದ್ರಕಿಲ್ಲ" ಅಂದಳಂತೆ. ಅದನ್ನು ಕೇಳಿ ಮೇಡಂ ಮೊದಲ ಸಲ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ, "ಮಾಡ್ಕೋ" ಅಂದರು. ಮಾಡಿಕೊಂಡೆ. ನನ್ನ ಗಂಡ ಈಗಲೂ ಜುಗ್ಗನೇ. ಉಳಿದಂತೆ ಕೊರತೆಯಿಲ್ಲ.

ನನ್ನ ಮದುವೆಗೂ ಅವರು ಬರಲಿಲ್ಲ. ಯಾಕೆಂದು ಒಂದು ಸಂಜೆ ತಾವಾಗಿಯೇ ಹೇಳಿದರು. ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಒಂದು ಬೀದಿಯ ಬಾಯಿ ಬಂದರೆ ಅವರು ಯಾವಾಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಅದು ಅವರ ಗಂಡನ ಮನೆಯಿದ್ದ ಬೀದಿ. ಅವರ ಅಪ್ಪ ಅಲ್ಲಿಗೆ ಬಂದು ಮನೆಮನೆಯಲ್ಲೂ ವಿಚಾರಿಸಿದ್ದರಂತೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು: ಚಿನ್ನದಂಥ ಹುಡುಗ, ಎದುರು ಮಾತಾಡೋನಲ್ಲ. ಅಪ್ಪ ಖುಷಿಯಾಗಿ ಹೋಗಿ ಲಗ್ನ ಕಟ್ಟಿಸಿದರು. ಆ ಹುಡುಗನಿಗೆ ಚಿಕ್ಕಂದಿನಿಂದಲೂ ಹೃದಯದ ತೊಂದರೆ. ಬಹಳ ದಿನ ಇಲ್ಲ ಅಂತ ಬೀದಿಗೆಲ್ಲ ಗೊತ್ತಿತ್ತು. ಯಾರು ಬಂದು ಕೇಳಿದರೂ ಏನು ಹೇಳಬೇಕೆಂದು ಮಾವನೇ ಮನೆಮನೆಗೂ ಹೋಗಿ ಹೇಳಿಕೊಟ್ಟಿದ್ದನಂತೆ.

"ಎದುರು ಮಾತಾಡೋಕೆ ಅವರಿಗೆ ಉಸಿರೇ ಇರ್ಲಿಲ್ಲ ಕಣೆ" ಅಂದರು ಮೇಡಂ. "ಮೆಟ್ಟಿಲು ಹತ್ತಲ್ಲ, ಹೊಲಕ್ಕೆ ಹೋಗಲ್ಲ, ಸೋಮಾರಿ ಅಂತ ನಾನು ದಿನಾ ಜಗಳ ಆಡ್ತಿದ್ದೆ. ಎರಡನೇ ವರ್ಷದ ಹಬ್ಬ ನೋಡಲಿಲ್ಲ ಅವರು. ತಿಥಿ ದಿನ, ಅಪ್ಪಂಗೆ ಚಿನ್ನದಂಥ ಹುಡುಗ ಅಂದಿದ್ದ ಎದುರುಮನೆಯವಳೇ ನನ್ನ ತಲೆ ಸವರಿ, ನಮಗೆ ಗೊತ್ತಿತ್ತಮ್ಮ, ಪಾಪ ಅವನಿಗೂ ಒಂದು ಮದುವೆ ಆಗ್ಲಿ ಅಂತ ಸುಮ್ನಿದ್ವಿ ಅಂದಳು. ಅವರಿಗೆ ಪಾಪ ಅಂದ್ರು. ನನಗೆ ಯಾರೂ ಅನ್ನಲಿಲ್ಲ."

ಅಷ್ಟರಲ್ಲಿ ಬಸ್ಸು ಬಂದಿತ್ತು. ಹತ್ತುವ ಮುಂಚೆ ತಿರುಗಿ, "ಗೊತ್ತಿದ್ರೂ ಅವರನ್ನೇ ಮದುವೆ ಆಗ್ತಿದ್ನೋ ಏನೋ. ಆದ್ರೆ ಜಗಳ ಆಡ್ತಿರ್ಲಿಲ್ಲ. ಇದ್ದಷ್ಟು ದಿನ ಬೇರೆ ಥರ ಇರ್ತಿದ್ದೆ" ಅಂದರು.

ಮುಂದಿನದು ಅವರ ಕಾಯಿಲೆ. ಹೊಟ್ಟೆನೋವು ಎಂದು ಆಗಾಗ ರಜೆ ಹಾಕತೊಡಗಿದರು. ಸೀರೆ ಮೈಮೇಲೆ ನಿಲ್ಲದಷ್ಟು ಇಳಿದುಹೋದರು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗಳಾದವು. ಒಂದು ಮಧ್ಯಾಹ್ನ ಅವರ ತಮ್ಮ ಕಾಲೇಜಿಗೆ ಬಂದು ನನ್ನನ್ನು ಗೇಟಿನ ಹೊರಗೆ ಕರೆದ. ಮೇಡಂಗಿಂತ ಬಹಳ ಚಿಕ್ಕವನು, ಅವರೇ ಎತ್ತಿ ಆಡಿಸಿದ ತಮ್ಮ. ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ.

"ಕ್ಯಾನ್ಸರ್ರು ಮೇಡಂ" ಅಂದ. "ಒಟ್ಟೇಲಿ ಸುರುವಾಗಿ ಲಿವರ್‌ಗೂ ಅಬ್ಬಿಬುಟ್ಟದಂತೆ. ಆಪ್ರೇಸನ್ ಆಗಕಿಲ್ವಂತೆ. ಅದೇನೋ ಪ್ಯಾಲಿಯೇಟಿವ್ ಅಂದ್ರು ಡಾಕ್ಟ್ರು. ಅಂಗಂದ್ರೇನು?"

ನಾನು ಅರ್ಥ ಹೇಳಿದೆ. ವಾಸಿ ಮಾಡುವುದಕ್ಕಲ್ಲ, ನೋವು ತಡೆಯುವುದಕ್ಕೆ ಮಾತ್ರ ಔಷಧಿ ಕೊಡುವುದು ಎಂದೆ. ಅವನು ಗೇಟಿನ ಕಂಬಿ ಹಿಡಿದುಕೊಂಡು ಅತ್ತುಬಿಟ್ಟ.

"ನಮ್ಮಕ್ಕಂಗೆ ಗೊತ್ತಾಗ್ಬಾರ್ದು. ಒಟ್ಟೇಲಿ ಅಲ್ಸರ್ರು, ಬರೀ ಉಣ್ಣು ಅಂತ ಏಳಿವ್ನಿ. ನೀವೂ ಅದ್ನೇ ಏಳ್ಬೇಕು. ನಿಮ್ಗೆ ಗೊತ್ತಲ್ಲ, ಅವ್ಳು ಬಾಯ್ಬುಟ್ಟು ಏಳಿದ್ದ ನಂಬೋಳಲ್ಲ, ಅಕ್ಕಪಕ್ಕ ನೋಡೋಳು. ಅದ್ಕೇ ಅಕ್ಕಪಕ್ಕವೆಲ್ಲ ನಾನೇ ರೆಡಿ ಮಾಡಿವ್ನಿ. ಯಾರೂ ಅಣ್ಣು ಎಳ್ನೀರು ತಕ್ಕಂಡ್ ಬರ್ಬ್ಯಾಡಿ, ಅಳ್ಬ್ಯಾಡಿ ಅಂದಿವ್ನಿ. ನಮ್ಮನೆಯವ್ಳಿಗೂ ಮೊದ್ಲಂಗೇ ಜಗಳ ಆಡು ಅಂದಿವ್ನಿ. ಆಸ್ಪತ್ರೇಲಿ ಕ್ಯಾನ್ಸರ್ ಅನ್ನೋ ಬೋರ್ಡು ಮುಂಬಾಗ್ಲಲ್ಲೇ ಅದೆ. ಇಂದ್ಗಡೆ ಬಾಗ್ಲಿಂದ ಕರ್ಕೊಂಡೋಯ್ತೀನಿ."

"ಅವರಿಗೆ ಹೇಳೋದೇ ಒಳ್ಳೇದು" ಅಂದೆ.

"ಏಳುದ್ರೆ ಎದೆ ಒಡ್ಕೊಂಡ್ ಓಯ್ತಳೆ. ಬ್ಯಾಡಿ ಮೇಡಂ, ನಿಮ್ ಕಾಲಿಗ್ ಬೀಳ್ತೀನಿ" ಎಂದು ಬಗ್ಗಿಯೇಬಿಟ್ಟ. ಆಯಿತು ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಮನುಷ್ಯನ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂತು. ಅವನ ಅಳು ನೆನಪಾಗಿ ಸಿಟ್ಟೂ ನಿಲ್ಲಲಿಲ್ಲ.

ಭಾನುವಾರ ನಂಜನಗೂಡಿಗೆ ಹೋದೆ. ಮೇಡಂ ಹಜಾರದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ನಾನು ಹೋದ ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡತಿ ಬಂದು ಮೋಟಾರಿನ ಸ್ವಿಚ್ ಆರಿಸಿ, "ಯಾವಾಗ್ಲೂ ನೀರು, ನೀರು! ಕರೆಂಟ್ ಬಿಲ್ ಯಾರ್ ಕಟ್ಟೋರು?" ಎಂದು ಜೋರಾಗಿ ಹೇಳಿ ಒಳಗೆ ಹೋದರು. ಮೋಟಾರು ಓಡುತ್ತಲೇ ಇರಲಿಲ್ಲ. ಅಡುಗೆಮನೆಯಲ್ಲಿ ಒಂದು ಪಾತ್ರೆಯ ಸದ್ದೂ ಆಗಲಿಲ್ಲ. ಆಮೇಲೆ ಎದುರುಮನೆಯಾಕೆ ಬಂದು ಹೊಸ್ತಿಲ ಮೇಲೇ ನಿಂತು, "ಉಣ್ಣಂತಲ್ಲ ಅಕ್ಕಾ, ಯೋಚ್ನೆ ಮಾಡ್ಬ್ಯಾಡಿ. ನಮ್ ಬಾವಂಗೂ ಆಗಿತ್ತು, ಈಗ ಗುಂಡ್ಕಲ್ ಅಂಗವ್ರೆ" ಎಂದು ಒಂದೇ ಉಸಿರಿಗೆ ಹೇಳಿ ಹೊರಟುಹೋದಳು.

ಮೇಡಂ ನನ್ನ ಕಡೆ ತಿರುಗಿದರು. "ನೀನೂ ಹೇಳು. ನಿನ್ನ ಭಾವನಿಗೂ ಆಗಿತ್ತಾ?"

ನಾನು ತಲೆ ತಗ್ಗಿಸಿದೆ.

"ಇವಳ ಭಾವನಿಗೆ ಆಗಿತ್ತು. ಹಾಲಿನವನ ಭಾವನಿಗೂ ಆಗಿತ್ತು. ಅಂಗಡಿ ಶೆಟ್ಟರ ಭಾವನಿಗೂ ಆಗಿತ್ತು. ಈ ಬೀದಿ ಭಾವಂದಿರೆಲ್ಲ ಗುಂಡುಕಲ್ಲಾಗಿದ್ದಾರೆ" ಅಂದರು. ನಗು ಬಂತು ಅವರಿಗೆ, ನಕ್ಕರೆ ನೋವಾಗಿ ಹೊಟ್ಟೆ ಹಿಡಿದುಕೊಂಡರು. "ಒಬ್ಬರಾದ್ರೂ ಬೈತಾರಾ ಅಂತ ಕಾದೆ. ಅಷ್ಟು ಖಾರ ತಿನ್ನಬೇಡ ಅಂತ ಬಡ್ಕೊಂಡೆ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಬಡ್ಕೊಂಡೆ, ಕೇಳಿದ್ಯಾ ಅಂತ ಒಬ್ಬರೂ ಬೈಲಿಲ್ಲ. ಹುಣ್ಣು ಬಂದೋರನ್ನ ಜನ ಬೈತಾರೆ ಕಣೆ. ಸಾಯೋರನ್ನ ಬೈಯಲ್ಲ."

ಅಡುಗೆಮನೆಯಲ್ಲಿ ಆಗಲೂ ಸದ್ದಿರಲಿಲ್ಲ. ಅವರು ದನಿ ತಗ್ಗಿಸಿದರು. "ಹುಣ್ಣಾದ್ರೆ ಮನೇಲಿ ಬಿದ್ದುಕೊಂಡು ವಾಸಿ ಮಾಡ್ಕೊಳ್ತೀನಿ. ಬೇರೇದಾದ್ರೆ ಇರೋ ದಿನ ಹುಡುಗರ ಜೊತೆ ಕಳೀತೀನಿ. ಯಾವುದು ಮಾಡ್ಲಿ? ಅಷ್ಟು ಹೇಳು."

"ಕಾಲೇಜಿಗೆ ಬನ್ನಿ ಮೇಡಂ" ಅಂದೆ.

ಅವರು 'ಇರಬಹುದು' ಅನ್ನಲಿಲ್ಲ. "ಪೂರ್ತಿ ಹೇಳು. ಈಗ ನನಗೆ ಹುಡುಕ್ಕೊಂಡು ಕೂರೋಕೆ ಟೈಮಿಲ್ಲ" ಅಂದರು. ತಮ್ಮನಿಗೆ ಕೊಟ್ಟ ಮಾತನ್ನು ಮುರಿದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಎಲ್ಲಿ ಸುರುವಾಗಿದೆ, ಎಲ್ಲಿಗೆ ಹಬ್ಬಿದೆ, ವೈದ್ಯರು ಬಳಸಿದ ಪದ ಯಾವುದು. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೇಳಿಸಿಕೊಂಡರು. ಮಧ್ಯದಲ್ಲಿ ನಾನೇ ಅತ್ತುಬಿಟ್ಟೆ.

"ಅಳಬೇಡ, ಒಳಗೆ ಅವಳಿಗೆ ಕೇಳುತ್ತೆ. ಪಾಪ, ಬಾರದ ಜಗಳ ಆಡ್ತಾ ಇದ್ದಾಳೆ" ಅಂದರು. ಆಮೇಲೆ, "ನನ್ನ ಸಾವು ಬೀದಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಎರಡನೇ ಸಲ ಹೀಗೆ ಮಾಡಿದ್ರು ನನಗೆ" ಅಂದರು. "ಆದ್ರೆ ನನಗೆ ಗೊತ್ತಾಯ್ತು ಅಂತ ತಮ್ಮನಿಗೆ ಹೇಳಬೇಡ. ಬಾಗಿಲು ಬಾಗಿಲಿಗೂ ಹೋಗಿ ಕೈಮುಗಿದು ಬಂದಿದ್ದಾನೆ. ಅಷ್ಟು ಮಾಡಿಯೂ ಗೊತ್ತಾಗಿಹೋಯ್ತು ಅಂದ್ರೆ ತಡ್ಕೊಳ್ಳಲ್ಲ."

ಮರುದಿನ ಅವರು ಸೀರೆ ಉಟ್ಟು ಬ್ಯಾಗು ಹಿಡಿದು ನಿಂತಾಗ ತಮ್ಮ ಗಾಬರಿಯಾದನಂತೆ. ರೆಸ್ಟ್ ತಗೋಬೇಕು ಅಂದನಂತೆ. "ಹುಣ್ಣು ತಾನೇ? ಹುಣ್ಣಿಗೆ ಯಾರು ಕಾಲೇಜು ಬಿಡ್ತಾರೆ?" ಎಂದು ಇವರು ಕೇಳಿದರಂತೆ. ತನ್ನ ಸುಳ್ಳಿಗೆ ತಾನೇ ಸಿಕ್ಕಿಬಿದ್ದು, ದಿನವೂ ಕಾರು ಗೊತ್ತುಮಾಡಿ ಕಳಿಸತೊಡಗಿದ.

ಆ ಕೆಲವು ವಾರ ಅವರು ಕುರ್ಚಿಯಲ್ಲಿ ಕೂತೇ ಪಾಠ ಮಾಡಿದರು. ಬೋರ್ಡಿನ ಹತ್ತಿರ ಹೋಗಲಿಲ್ಲ. ಒಂದು ದಿನ ಕಾರಿಡಾರಿನಲ್ಲಿ ಎರಡನೇ ವರ್ಷದ ಹುಡುಗನೊಬ್ಬ ಸಂತೋಷದಿಂದ, "ಮಿಸ್ ಈಗ ಒಳ್ಳೇರಾಗವ್ರೆ ಮೇಡಂ! ಕೇಳಿದ್ ಏಟ್ಗೇ ಅರ್ಥ ಏಳ್ಬುಡ್ತರೆ" ಅಂದ. ನಾನು ಹೋಗಿ ಬಾಗಿಲ ಹತ್ತಿರ ನಿಂತು ನೋಡಿದೆ. ಹುಡುಗರು ಒಬ್ಬರಾದ ಮೇಲೊಬ್ಬರು ಎದ್ದು ಪದ ಕೇಳುತ್ತಿದ್ದರು. ಅಬ್ಸ್ಟಿನೇಟ್? ಹಟಮಾರಿ. ಫ್ಯೂಟೈಲ್? ಮಾಡಿಯೂ ಉಪಯೋಗವಿಲ್ಲದ್ದು. ಮೇಡಂ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋಗುತ್ತಿದ್ದರು, ಹುಡುಗರು ಬಗ್ಗಿ ಬರೆದುಕೊಳ್ಳುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸ್ಟಾಫ್ ರೂಮಿಗೆ ಬಂದ ಮೇಲೆ, "ಯಾಕೆ ಮೇಡಂ ಹೀಗೆ?" ಅಂದೆ.

"ತಪ್ಪೇ. ಬರ್ಕೊಂಡಿದ್ದನ್ನೆಲ್ಲ ಮರೀತಾರೆ" ಅಂದರು. "ಮುಂದಿನ ವಾಕ್ಯ ನೋಡಿ ಅನ್ನೋಕೆ ಮುಂದೆ ನಾನಿರಬೇಕಲ್ಲ."

ಆಮೇಲೆ ಅವರಿಗೆ ಏಳಲಾಗಲಿಲ್ಲ. ಆ ದಿನಗಳನ್ನು ಬರೆಯಲು ಮನಸ್ಸಿಲ್ಲ, ಆದರೂ ಒಂದನ್ನು ಬರೆಯಬೇಕು. ನೋವಿನ ಮಾತ್ರೆ ನಾಟದೆ ಹೋದಾಗ ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲಗಿರುತ್ತಿದ್ದರು, ಒಳಗಿನವರಿಗೆ ಕೇಳಬಾರದೆಂದು. ಅವರ ತಮ್ಮ ಪಕ್ಕದಲ್ಲಿ ಕೂತು ಕಾಲು ಒತ್ತುತ್ತಾ, "ಉಣ್ಣು ಒಣಗ್ತಾ ಅದೆ ಅಕ್ಕೋ, ಅದ್ಕೇ ನೋವು. ಇನ್ನೇನ್ ವಾಸಿಯಾಯ್ತದೆ" ಅನ್ನುತ್ತಿದ್ದ. ಮೇಡಂ ಬಾಯಿಂದ ಟವೆಲ್ಲು ತೆಗೆದು, "ಹೂಂ ಕಣಪ್ಪ, ಒಣಗ್ತಾ ಇರಬೇಕು" ಅನ್ನುತ್ತಿದ್ದರು. ಜೀವಮಾನವೆಲ್ಲ ಯಾರ ಸಮಾಧಾನಕ್ಕೂ ಒಂದು ಮಾತು ಆಡದಿದ್ದ ಹೆಂಗಸು.

ಕಪಿಲೆಯ ದಡದಲ್ಲಿ ಎಲ್ಲ ಮುಗಿಸಿ ಮನೆಗೆ ಬಂದೆವು. ಬೀದಿಯವರು ಜಗಲಿಯ ಮೇಲೆ, ಅಂಗಳದಲ್ಲಿ ಗುಂಪುಗುಂಪಾಗಿ ನಿಂತಿದ್ದರು. ಎದುರುಮನೆಯಾಕೆ ಮೂಗು ಒರೆಸಿಕೊಂಡು, "ಪುಣ್ಯವಂತೆ, ಏನೂ ಗೊತ್ತಾಗ್ದಂಗೆ ಒಂಟೋದ್ರು" ಅಂದಳು. ಹಾಲಿನವನೂ ಅದನ್ನೇ ಅಂದ. ತಮ್ಮನ ಹೆಂಡತಿಯೂ ಅದನ್ನೇ ಹೇಳಿಕೊಂಡು ಅಳುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರ ಬಾಯಲ್ಲೂ ಅದೇ ಮಾತು.

ನಾನು ಹೊರಡುವಾಗ ತಮ್ಮ ಬಾಗಿಲವರೆಗೂ ಬಂದ. ಒದ್ದೆ ಪಂಚೆಯಲ್ಲೇ ಇದ್ದ. ನನ್ನ ಮುಖವನ್ನೇ ನೋಡುತ್ತಾ, "ಮೇಡಂ, ನಮ್ಮಕ್ಕಂಗೆ ಕೊನೆಗಂಟ ಗೊತ್ತಾಗ್ನಿಲ್ಲ, ಅಲ್ವಾ?" ಅಂದ.

ತಮ್ಮನಿಗೆ ಹೇಳಬೇಡ ಎಂದಿದ್ದ ಮೇಡಂ ಮಾತು ನೆನಪಿತ್ತು. "ಇಲ್ಲ" ಅಂದೆ. "ಏನೂ ಗೊತ್ತಾಗದ ಹಾಗೆ ಹೋದರು."

ಅವನು ತಲೆಯಾಡಿಸಿದ. ಆಮೇಲೆ ಏನನ್ನೋ ಕೂಡಿ ಕಳೆಯುವವನ ಹಾಗೆ ಬೀದಿಯ ಕಡೆ ನೋಡಿದ.

"ನೀವೂ ಅದ್ನೇ ಅಂದ್ರಿ" ಅಂದ. "ಎಲ್ರೂ ಅದ್ನೇ ಅಂತವ್ರೆ ಮೇಡಂ. ಒಬ್ರೂ ಬ್ಯಾರೆ ಏಳ್ನಿಲ್ಲ."

ಅಷ್ಟು ಹೇಳಿ ಹೊಸ್ತಿಲ ಮೇಲೆ ಕುಸಿದು ಕೂತು, ಅಕ್ಕಾ, ನಿಂಗೆ ಗೊತ್ತಿತ್ತಾ ಎಂದು ಗಟ್ಟಿಯಾಗಿ ಅಳತೊಡಗಿದ.